ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರ ಚರಿತ್ರೆ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಎಂಬೀ ಸೀಮೆಗಳಲ್ಲಿ ಮಗಳನ್ನಾಗಲಿ ಮಗನನ್ನಾಗಲಿ ರೋಗಿಗಳ ಶುಶ್ರೂಷೆಯ ವಿದ್ಯೆಗೆ ಕಳುಹಿಸಿದ ಮನೆಗಳು ಈಗ ಅಪರೂಪವಲ್ಲ. ಮೂಡಬಿದಿರೆಯಲ್ಲಿಯೂ ಮಂಗಳೂರಿನಲ್ಲಿಯೂ ನರ್ಸಿಂಗ್ ಕಾಲೇಜುಗಳಿರುವುದರಿಂದ ಈ ವಿದ್ಯೆಗಾಗಿ ದೂರದ ಊರುಗಳಿಗೆ ಹೋಗಬೇಕೆಂಬುದೂ ಇಲ್ಲ. ಆದರೆ ಮೊದಲನೆಯ ವರ್ಷದ ರಜೆಗೆ ಮನೆಗೆ ಬಂದ ಮಕ್ಕಳು ತಾವು ಕಲಿತದ್ದನ್ನು ಹೇಳುವಾಗ ಕೆಲವು ತಾಯಿತಂದೆಗಳ ಮೋರೆ ಬಾಡುವದುಂಟು. ಮಗಳು ಸೂಜಿಮದ್ದು ಕೊಡಲು, ಯಂತ್ರಗಳನ್ನು ನಡಿಸಲು ಕಲಿತಿರುವಳೆಂದು ಅವರು ಎಣಿಸಿದ್ದರು. ಅವಳೋ ಹಾಸಿಗೆ ಹಾಸುವದನ್ನೂ, ರೋಗಿಯ ಮೈ ಒರಸುವದನ್ನೂ, ಬಾಯಿ ತೊಳೆಯುವದನ್ನೂ, ಮಗ್ಗುಲು ತಿರುಗಿಸುವದನ್ನೂ, ಗಂಜಿ ಕುಡಿಸುವದನ್ನೂ, ಮಲಮೂತ್ರದ ಪಾತ್ರೆಯನ್ನು ಇಟ್ಟು ತೆಗೆಯುವದನ್ನೂ ಕಲಿತು ಬಂದಿದ್ದಾಳೆ. ಸಾಲ ಮಾಡಿ ಶುಲ್ಕ ಕಟ್ಟಿದ್ದು ಇದಕ್ಕೋ ಎಂದು ತಂದೆಯು ಚಿಂತಿಸುತ್ತಾನೆ. ಮಗಳ ಮನಸ್ಸಿನಲ್ಲಿಯೂ ಅದೇ ಸಂದೇಹವಿರುತ್ತದೆ. ಏಕಂದರೆ ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿ ಈ ಕೆಲಸಗಳನ್ನು ರೋಗಿಯ ಜೊತೆಗೆ ಬಂದ ಬಂಧುಗಳೇ ಮಾಡುವದನ್ನು ಅವಳು ಕಾಣುತ್ತಾಳೆ. ಕಂಡು, ಇದು ವಿದ್ಯೆಯಲ್ಲ, ಯಾರು ಬೇಕಾದರೂ ಮಾಡಬಹುದಾದ ಚಾಕರಿ ಎಂದು ತೀರ್ಮಾನಿಸುತ್ತಾಳೆ.

ಹೊಸ ವಿದ್ಯಾರ್ಥಿಗಳು ಕೈಯಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡುವ ದಿವಸದಲ್ಲಿ ಒಬ್ಬ ಅಮ್ಮನವರ ಹೆಸರು ಹೇಳಲ್ಪಡುತ್ತದೆ. ಆ ಅಮ್ಮನವರು ಇದೇ ಚಾಕರಿಯ ನಿಮಿತ್ತ ತಮ್ಮ ಮನೆಯವರೊಂದಿಗೆ ಎಂಟು ವರ್ಷ ಹೆಣಗಬೇಕಾಯಿತೆಂಬದು ಅನೇಕರಿಗೆ ತಿಳಿಯದು. ಆದುದರಿಂದ ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ಇಲ್ಲಿ ಬರೆಯುತ್ತೇವೆ.

ಬಾಲ್ಯವೂ ಕರೆಯೂ

ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು ೧೮೨೦ನೇ ಮೇ ತಿಂಗಳ ೧೨ನೇ ತಾರೀಕಿನಲ್ಲಿ ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದರು. ಆಗ ಅಲ್ಲಿ ಇಳುಕೊಂಡಿದ್ದ ತಂದೆತಾಯಿಗಳು ಆ ಊರಿನ ಹೆಸರನ್ನೇ ಕೂಸಿಗೆ ಇಟ್ಟರು. ಇವರು ಇಂಗ್ಲೆಂಡಿನ ಬಲು ಐಶ್ವರ್ಯವಂತರು. ಎರಡು ಸೀಮೆಗಳಲ್ಲಿ ಎರಡು ದೊಡ್ಡ ಬಂಗಲೆಗಳೂ ಅನೇಕ ಆಳುಗಳೂ ಅವರಿಗಿದ್ದರು. ತಂದೆಯವರು ಆ ಕಾಲದ ವಾಡಿಕೆಗೆ ವಿರೋಧವಾಗಿ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಗ್ರೀಕ್, ಲತೀನ್, ಚರಿತ್ರೆ ಮುಂತಾದವುಗಳನ್ನು ತಾವೇ ಕಲಿಸಿದರು. ಕಿರಿಯವಳಾದ ಫ್ಲಾರೆನ್ಸಳಿಗೆ ಗಣಿತದಲ್ಲಿ ವಿಶೇಷ ಪ್ರೀತಿಯಿತ್ತು. ಇದು ಮುಂದೆ ಹೇಗೆ ಪ್ರಯೋಜನಕ್ಕೆ ಬಂತೆಂಬದನ್ನು ಕಾಣುವೆವು.

೧೮೩೭ನೇ ಫೆಬ್ರವರಿ ೭ರಂದು, ಹದಿನಾರು ವರ್ಷದ ಪ್ರಾಯದಲ್ಲಿ, ದೇವರು ತನ್ನನ್ನು ಸೇವೆಗೆ ಕರೆಯುತ್ತಾನೆಂಬ ನಿಶ್ಚಯವು ಆಕೆಯ ಮನಸ್ಸಿನಲ್ಲಿ ಹುಟ್ಟಿತು. ಆದರೆ ಯಾವ ಸೇವೆ ಎಂಬದು ಬಹುಕಾಲದ ವರೆಗೆ ಸ್ಪಷ್ಟವಾಗಲಿಲ್ಲ. ಬಂಗಲೆಯ ಸುತ್ತಲಿನ ಬಡವರ ಗುಡಿಸಲುಗಳಲ್ಲಿ ಕಾಯಿಲೆಯವರನ್ನು ನೋಡಲು ಹೋಗುವಾಗ ಆಕೆಗೆ ಒಂದು ಸಂಗತಿ ತಿಳಿದುಬಂತು. ಮರುಕ ಮಾತ್ರವಿದ್ದರೆ ಸಾಲದು. ನರಳುವವನ ಬಳಿಯಲ್ಲಿ ಏನು ಮಾಡಬೇಕೆಂಬದನ್ನು ಕಲಿಯದೆ ಹೋದರೆ ಪ್ರೀತಿಯುಳ್ಳವರೂ ಕೈಕಟ್ಟಿ ನಿಲ್ಲಬೇಕಾಗುವದು.

ಹೀಗಿರಲಾಗಿ ೧೮೪೫ರಲ್ಲಿ ಆಕೆಯು ಸಾಲ್ಸ್‌ಬರಿ ಊರಿನ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದು ಶುಶ್ರೂಷೆಯನ್ನು ಕಲಿಯಲು ಅಪ್ಪಣೆ ಬೇಡಿದಳು. ಮನೆಯಲ್ಲಿ ದೊಡ್ಡ ಗಲಿಬಿಲಿಯಾಯಿತು. ತಾಯಿಯು ಭಯಪಟ್ಟು ಸಿಟ್ಟುಗೊಂಡಳು, ಅಕ್ಕನು ಗೋಳಾಡಿದಳು, ತಂದೆಯವರು ಬೇಸರದಿಂದ ಸುಮ್ಮನಾದರು. ಅವರ ಭಯಕ್ಕೆ ಕಾರಣವಿಲ್ಲದೆ ಇರಲಿಲ್ಲ. ಆ ಕಾಲದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದುರ್ವಾಸನೆ ತುಂಬಿತ್ತು. ಬೇರೆ ಜೀವನವಿಲ್ಲದ ಹೆಂಗಸರೇ ಹೆಚ್ಚಾಗಿ ದಾದಿಯರಾಗಿದ್ದರು. ಅವರಲ್ಲಿ ಅನೇಕರು ಕುಡಿಯುವವರೆಂಬ ಅಪವಾದವಿತ್ತು. ಮತ್ತೊಬ್ಬರ ಮಲಮೂತ್ರ, ಕೀವು, ರಕ್ತಗಳನ್ನು ಮುಟ್ಟುವ ಕೆಲಸವು ಮಾನವಂತರ ಮಕ್ಕಳಿಗೆ ತಕ್ಕದ್ದಲ್ಲವೆಂದು ಎಲ್ಲರೂ ನಂಬಿದ್ದರು. ನಮ್ಮ ದೇಶದಲ್ಲಿ ಅಂಥ ಕೆಲಸವನ್ನು ಜಾತಿಯ ಕಾರಣದಿಂದ ಹೀನವೆಂದೆಣಿಸಿದರು; ಇಂಗ್ಲೆಂಡಿನಲ್ಲಿ ಅಂತಸ್ತಿನ ಕಾರಣದಿಂದ ಹಾಗೆಣಿಸಿದರು. ಹೇಸಿಕೆಯು ಮಾತ್ರ ಒಂದೇ.

ಫ್ಲಾರೆನ್ಸಳು ಮನೆ ಬಿಟ್ಟು ಓಡಿಹೋಗಲಿಲ್ಲ. ಹಗಲು ಹೊತ್ತಿನಲ್ಲಿ ತಾಯಿಯ ಮನಸ್ಸಿನಂತೆ ಅತಿಥಿಗಳನ್ನು ಉಪಚರಿಸುತ್ತಾ, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಆಸ್ಪತ್ರೆಗಳ ವರದಿಗಳನ್ನು ಓದಿ ಲೆಕ್ಕಗಳನ್ನು ಬರೆದುಕೊಂಡಳು. ಯೋಗ್ಯನಾದ ವರನು ಬಂದರೂ ಮದುವೆಗೆ ಒಪ್ಪಲಿಲ್ಲ.

ರೈನ್ ನದಿಯ ದಡದಲ್ಲಿ

ನಮ್ಮ ನೇತ್ರಾವತಿಯು ಬೆಳ್ತಂಗಡಿ ತಾಲೂಕಿನಿಂದ ಇಳಿದು ಬಂಟ್ವಾಳದ ಮುಂದೆ ಹರಿದು ಸಮುದ್ರಕ್ಕೆ ಹೋಗುವಂತೆ, ಯೂರೋಪಿನಲ್ಲಿ ರೈನ್ ಎಂಬ ನದಿಯು ಸ್ವಿಸ್ ದೇಶದ ಬಾಸೆಲ್ ಪಟ್ಟಣವನ್ನು ದಾಟಿ ಜರ್ಮನಿಯೊಳಗೆ ಹರಿಯುತ್ತದೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳು ಆ ಬಾಸೆಲ್ಲಿನಿಂದ ಕಳುಹಿಸಲ್ಪಟ್ಟವರು. ಅದೇ ನದಿಯ ಕೆಳದಂಡೆಯಲ್ಲಿ ಕೈಸರ್ಸ್‌ವರ್ತ್ ಎಂಬ ಊರಿದೆ. ಅಲ್ಲಿ ಫ್ಲೀಡ್ನರ್ ಎಂಬ ಬಡ ಪಾದ್ರಿಗಳೂ ಅವರ ಹೆಂಡತಿಯೂ ೧೮೩೬ರಲ್ಲಿ ಒಂದು ಆಸ್ಪತ್ರೆಯನ್ನು ತೆರೆದು, ಹಳ್ಳಿಯ ಕನ್ಯೆಯರನ್ನು ಸೇರಿಸಿ, ಅವರಿಗೆ ರೋಗಿಗಳ ಸೇವೆಯನ್ನು ಕಲಿಸಿ, ಸಭೆಯ ಸೇವಕಿಯರನ್ನಾಗಿ ಪ್ರತಿಷ್ಠಿಸುತ್ತಿದ್ದರು.

ಫ್ಲಾರೆನ್ಸಳು ೧೮೫೦ರಲ್ಲಿ ಈ ಸ್ಥಳವನ್ನು ಕಂಡು, ೧೮೫೧ರಲ್ಲಿ ಮೂವತ್ತೊಂದು ವರ್ಷದವಳಾಗಿ ಅಲ್ಲಿಗೆ ಹೋಗಿ ಮೂರು ತಿಂಗಳು ಕಲಿತಳು. ಐಶ್ವರ್ಯವಂತನ ಮಗಳು ಬೆಳಿಗ್ಗೆ ಐದು ಗಂಟೆಗೆ ಎದ್ದು, ರೈತರ ಮಕ್ಕಳ ಸಂಗಡ ಕೂತು ಗಂಜಿ ಕುಡಿದು, ರೋಗಿಗಳ ಹುಣ್ಣು ಕಟ್ಟಿ, ಶಸ್ತ್ರಚಿಕಿತ್ಸೆಯಲ್ಲಿ ಬಳಿಯಲ್ಲಿ ನಿಂತು, ಸಾಯುವವರ ಹತ್ತಿರ ಎಚ್ಚರವಾಗಿದ್ದಳು. ಅಲ್ಲಿನ ಶುಚಿತ್ವವೂ ಶುಶ್ರೂಷೆಯ ವಿಧಾನವೂ ಚೆನ್ನಾಗಿರಲಿಲ್ಲವೆಂದು ಆಕೆಯು ಮುಂದೆ ಮರೆಮಾಜದೆ ಬರೆದಳು. ಆದರೂ ಕೀಳು ಕೆಲಸವೆಂಬದು ಅಲ್ಲಿ ಯಾರ ಬಾಯಲ್ಲಿಯೂ ಇರಲಿಲ್ಲ. ಆ ಭಕ್ತಿಯುಳ್ಳ ಮನಸ್ಸನ್ನು ಆಕೆ ಕಡೇ ತನಕ ಕೊಂಡಾಡಿದಳು.

೧೮೫೩ರಲ್ಲಿ ಲಂಡನಿನ ಹಾರ್ಲಿ ಬೀದಿಯಲ್ಲಿ ಅಸ್ವಸ್ಥರಾದ ಸ್ತ್ರೀಯರಿಗಾಗಿ ಇದ್ದ ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆಯು ನೈಟಿಂಗೇಲ್ ಅಮ್ಮನವರಿಗೆ ದೊರೆಯಿತು. ಅವರು ಮೊದಲು ಮಾಡಿಸಿದ್ದೇನಂದರೆ, ಪ್ರತಿ ಮಾಳಿಗೆಗೂ ಬಿಸಿನೀರು ಬರುವಂತೆ ಕೊಳವೆ, ಅಡಿಗೆಯ ಮನೆಯಿಂದ ಊಟವನ್ನು ಮೇಲಕ್ಕೆತ್ತುವ ಯಂತ್ರ, ರೋಗಿಯು ಕರೆದರೆ ಕೇಳಿಸುವ ಗಂಟೆ. ದಾದಿಯು ಮೆಟ್ಟಿಲು ಹತ್ತಿಳಿಯುವದರಲ್ಲಿಯೇ ದಿನವನ್ನು ಕಳೆದರೆ ರೋಗಿಯ ಬಳಿಯಲ್ಲಿರುವದು ಯಾವಾಗ ಎಂಬದೇ ಅವರ ವಿಚಾರವಾಗಿತ್ತು.

ಸ್ಕುಟಾರಿಯ ಆಸ್ಪತ್ರೆ

೧೮೫೪ರಲ್ಲಿ ಇಂಗ್ಲಿಷರೂ ಫ್ರೆಂಚರೂ ತುರ್ಕರ ಪಕ್ಷ ವಹಿಸಿ ರಷ್ಯದ ಮೇಲೆ ಕ್ರಿಮಿಯ ಸೀಮೆಯಲ್ಲಿ ಯುದ್ಧ ಮಾಡಿದರು. ಗಾಯಪಟ್ಟವರನ್ನು ಹಡಗಿನಲ್ಲಿ ತಂದು ಕಾನ್‌ಸ್ಟಾಂಟಿನೋಪಲಿನ ಎದುರು ದಡದ ಸ್ಕುಟಾರಿಯಲ್ಲಿ ತುರ್ಕರ ದೊಡ್ಡ ಪಾಳೆಯದ ಮನೆಯೊಳಗೆ ಮಲಗಿಸಿದರು. ಅಲ್ಲಿನ ದುರವಸ್ಥೆಯನ್ನು ವರ್ತಮಾನ ಪತ್ರಿಕೆಗಳು ಪ್ರಕಟಿಸಲು, ಮಂತ್ರಿಗಳಾದ ಸಿಡ್ನಿ ಹರ್ಬರ್ಟರು ನೈಟಿಂಗೇಲ್ ಅಮ್ಮನವರನ್ನು ಬೇಡಿಕೊಂಡರು. ಅವರು ೩೮ ಮಂದಿ ಸ್ತ್ರೀಯರನ್ನು ಕರಕೊಂಡು ನವೆಂಬರ್ ೪ರಂದು ಅಲ್ಲಿ ಸೇರಿದರು.

ವೈದ್ಯರು ಮೊದಲು ಅವರನ್ನು ಲಕ್ಷ್ಯ ಮಾಡಲಿಲ್ಲ. ಅಮ್ಮನವರು ಜಗಳವಾಡದೆ, ಅಪ್ಪಣೆಯಿಲ್ಲದೆ ಯಾವ ದಾದಿಯೂ ರೋಗಿಯನ್ನು ಮುಟ್ಟಬಾರದೆಂದು ಕಟ್ಟಳೆಯಿಟ್ಟು, ಹಳೇ ಬಟ್ಟೆಗಳನ್ನು ಹರಿಸಿ ಗಾಯದ ಪಟ್ಟಿಗಳನ್ನು ಮಾಡಿಸುತ್ತಾ ಕಾದರು. ಕೆಲವೇ ದಿವಸಗಳಲ್ಲಿ ಗಾಯಾಳುಗಳು ಹಿಂಡುಹಿಂಡಾಗಿ ಬಂದಾಗ ವೈದ್ಯರೇ ಬಂದು ಕರೆದರು.

ಅಲ್ಲಿ ಅವರು ಮಾಡಿದ್ದು ಯಾವ ವಿಚಿತ್ರ ಚಿಕಿತ್ಸೆಯೂ ಅಲ್ಲ. ಸಿಪಾಯಿಗಳು ಬಂದ ಬಟ್ಟೆಯಲ್ಲಿಯೇ ಹೇನು ಮುತ್ತಿ ನೆಲದ ಮೇಲೆ ಬಿದ್ದಿದ್ದರು. ಮೈತೊಳೆಯಲು ಪಾತ್ರೆಯಿಲ್ಲ, ಒರಸಲು ಬಟ್ಟೆಯಿಲ್ಲ, ಸಾಬೂನಿಲ್ಲ. ಅಮ್ಮನವರು ತಮ್ಮ ಕೈಯಲ್ಲಿದ್ದ ಹಣದಿಂದ ಅಂಗಿಗಳನ್ನು ಕೊಂಡರು, ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಹಂಡೆಗಳನ್ನು ಇಡಿಸಿ, ಸಿಪಾಯಿಗಳ ಹೆಂಡತಿಯರಿಂದ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಸಿದರು, ಗಟ್ಟಿ ಮಾಂಸವನ್ನು ಅಗಿಯಲಾರದವರಿಗೆ ಗಂಜಿಯನ್ನೂ ಸಾರನ್ನೂ ಮಾಡಿಸಿದರು, ನೆಲವನ್ನು ತಿಕ್ಕಿಸಿದರು, ಬರೆಯಲಾರದವರಿಗೆ ಕಾಗದ ಬರೆದುಕೊಟ್ಟರು. ರಾತ್ರಿಯಲ್ಲಿ ಒಬ್ಬರೇ ದೀಪ ಹಿಡಿದು ಮೈಲುಗಟ್ಟಲೆ ಉದ್ದದ ಹಾಸಿಗೆಯ ಸಾಲುಗಳನ್ನು ಸುತ್ತಿ ನೋಡಿದರು. ಆ ದೀಪವು ಚಿತ್ರಗಳಲ್ಲಿ ಕಾಣುವ ಹಣತೆಯಂಥದ್ದಲ್ಲ. ಅದು ತುರ್ಕರು ಉಪಯೋಗಿಸುತ್ತಿದ್ದ, ಮಡಿಕೆಯುಳ್ಳ ಹೊದಿಕೆಯ ಸಾಧಾರಣ ಲಾಟೀನು.

ಕಹಿಯಾದ ಲೆಕ್ಕ

ಇಲ್ಲಿ ಒಂದು ಸಂಗತಿಯನ್ನು ವಾಚಕರು ಮನಸ್ಸಿಟ್ಟು ಓದಬೇಕು. ಇಷ್ಟೆಲ್ಲಾ ಮಾಡಿದರೂ ಆ ಚಳಿಗಾಲದಲ್ಲಿ ಮರಣಗಳು ಕಡಿಮೆಯಾಗಲಿಲ್ಲ, ಹೆಚ್ಚಾದವು. ೧೮೫೫ನೇ ಫೆಬ್ರವರಿಯಲ್ಲಿ ಆಸ್ಪತ್ರೆಯ ನೂರು ರೋಗಿಗಳಲ್ಲಿ ೪೨ ಮಂದಿ ಸತ್ತರು. ಮಾರ್ಚಿನಲ್ಲಿ ಸರಕಾರದವರು ಕಳುಹಿಸಿದ ಆರೋಗ್ಯದ ಪರೀಕ್ಷಕರು ಬಂದು ನೋಡಲಾಗಿ, ಆ ದೊಡ್ಡ ಕಟ್ಟಡವು ತುಂಬಿ ಕೊಳೆತ ಚರಂಡಿಗಳ ಮೇಲೆ ನಿಂತಿತ್ತು. ಕುಡಿಯುವ ನೀರಿನ ಕಾಲುವೆಯಲ್ಲಿ ಸತ್ತ ಕುದುರೆಯೊಂದು ಬಿದ್ದಿತ್ತು. ಅವರು ಚರಂಡಿಗಳನ್ನು ತೊಳೆಯಿಸಿ, ನೀರನ್ನು ಸರಿಪಡಿಸಿ, ಗೋಡೆಗಳಿಗೆ ಸುಣ್ಣ ಹಚ್ಚಿಸಿ, ಗಾಳಿ ಆಡುವಂತೆ ಮಾಡಿದರು. ಜೂನ್ ತಿಂಗಳಲ್ಲಿ ಮರಣವು ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು.

೧೮೫೬ರಲ್ಲಿ ಅಮ್ಮನವರು ಊರಿಗೆ ಹಿಂದಿರುಗಿದಾಗ ದೇಶವೆಲ್ಲಾ ಅವರನ್ನು ಹೊಗಳುತ್ತಿತ್ತು. ಅವರು ಮೆರವಣಿಗೆಗಳನ್ನು ತಪ್ಪಿಸಿಕೊಂಡು ಗುಟ್ಟಾಗಿ ಮನೆಗೆ ಬಂದು, ಲೆಕ್ಕಶಾಸ್ತ್ರದಲ್ಲಿ ನಿಪುಣರಾದ ಡಾಕ್ಟರ್ ಫಾರ್ ಎಂಬವರ ಸಹಾಯದಿಂದ ಸತ್ತವರ ಲೆಕ್ಕವನ್ನು ತಿಂಗಳು ತಿಂಗಳಾಗಿ ಬಿಡಿಸಿದರು. ಆಗ ಸತ್ಯವು ಹೊರಬಿತ್ತು. ಗಾಯದಿಂದ ಸತ್ತವರಿಗಿಂತ ರೋಗದಿಂದ ಸತ್ತವರು ಬಹುಮಡಿ ಹೆಚ್ಚು; ತಾವು ದೀಪ ಹಿಡಿದು ನಡೆದ ಆ ಆಸ್ಪತ್ರೆಯ ಕಟ್ಟಡವೇ ಅನೇಕರನ್ನು ಕೊಂದಿತ್ತು. ಬೇರೆಯವರಾಗಿದ್ದರೆ ಇದನ್ನು ಮುಚ್ಚಿಟ್ಟು ಹೊಗಳಿಕೆಯಲ್ಲಿ ಸಂತೋಷಿಸುತ್ತಿದ್ದರು. ಅಮ್ಮನವರು ಅದನ್ನು ಬಣ್ಣದ ಚಿತ್ರಗಳಾಗಿ ಬರೆದು ೧೮೫೮ರಲ್ಲಿ ಅಧಿಕಾರಿಗಳ ಮುಂದಿಟ್ಟರು. ಆ ದುಃಖವು ಅವರನ್ನು ಬಿಡಲಿಲ್ಲ. ಗಾಳಿ, ನೀರು, ಬೆಳಕು, ಶುಚಿತ್ವ ಇವು ಔಷಧದ ಹಿಂದೆ ಬರುವ ಸಣ್ಣ ಸಂಗತಿಗಳಲ್ಲ, ಔಷಧಕ್ಕಿಂತ ಮುಂಚೆ ನಡೆಯಬೇಕಾದವುಗಳೆಂದು ಅವರು ಬಲು ಕ್ರಯ ಕೊಟ್ಟು ಕಲಿತರು.

ದಾದಿಯರ ಶಾಲೆ

ಜನರು ಕೃತಜ್ಞತೆಯಿಂದ ಕೂಡಿಸಿದ ಹಣದಿಂದ ೧೮೬೦ರಲ್ಲಿ ಲಂಡನಿನ ಸೇಂಟ್ ತೋಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು ತೆರೆಯಲ್ಪಟ್ಟಿತು. ಮೊದಲು ಸೇರಿದವರು ೧೫ ಮಂದಿ ಸ್ತ್ರೀಯರು. ಕಲಿಕೆಯ ಕಾಲ ಒಂದು ವರ್ಷ. ಅವರು ಕಲಿಯಬೇಕಾದ ಸಂಗತಿಗಳ ಪಟ್ಟಿಯನ್ನು ನೋಡಿದರೆ, ಇಂದು ನಮ್ಮ ಮಕ್ಕಳು ಮೊದಲನೆಯ ವರ್ಷದಲ್ಲಿ ಕಲಿಯುವದೇ ಅದರಲ್ಲಿದೆ: ಹುಣ್ಣುಗಳನ್ನೂ ಗಾಯಗಳನ್ನೂ ಕಟ್ಟುವದು, ಏಳಲಾರದ ರೋಗಿಯನ್ನು ತಿರುಗಿಸುವದು, ಬಟ್ಟೆ ಬದಲಾಯಿಸುವದು, ಮೈ ಶುಚಿ ಮಾಡುವದು, ಉಣ್ಣಿಸುವದು, ಹಾಸಿಗೆ ಹುಣ್ಣು ಬಾರದಂತೆ ಕಾಯುವದು, ರೋಗಿಯು ಮಲಗಿರುವಾಗಲೇ ಹಾಸಿಗೆ ಬದಲಾಯಿಸುವದು, ಗಂಜಿ ಮಾಡುವದು, ಕಿಟಕಿಗಳನ್ನು ತೆರೆದು ಗಾಳಿ ಬಿಡುವದು, ನಾಡಿ, ಉಸಿರು, ಚರ್ಮ, ನಿದ್ದೆ, ಹಸಿವು, ಮಲಮೂತ್ರಗಳನ್ನು ಗಮನಿಸಿ ವೈದ್ಯರಿಗೆ ಸರಿಯಾಗಿ ತಿಳಿಸುವದು. ಇವುಗಳೊಂದಿಗೆ ಸತ್ಯ, ಶಾಂತತೆ, ಸಮಯಪಾಲನೆ ಎಂಬ ಗುಣಗಳಿಗೂ ಪ್ರತ್ಯೇಕವಾಗಿ ಲೆಕ್ಕವಿತ್ತು.

ಹಿಂದಿನ ವರ್ಷದಲ್ಲಿ ಅಮ್ಮನವರು ಶುಶ್ರೂಷೆಯ ವಿಷಯವಾಗಿ ಒಂದು ಚಿಕ್ಕ ಪುಸ್ತಕವನ್ನು ಮನೆಯ ಹೆಂಗಸರಿಗಾಗಿ ಬರೆದಿದ್ದರು. ರೋಗಿಯ ತಲೆಯ ಹತ್ತಿರ ಪಿಸುಮಾತಾಡುವದು ಅವನನ್ನು ಎಷ್ಟು ಬಾಧಿಸುವದು, ತಿನ್ನದೆ ಬಿಟ್ಟ ಆಹಾರವನ್ನು ಅವನ ಮುಂದೆಯೇ ಇಟ್ಟರೆ ಹೇಗೆ ಹಸಿವು ಸಾಯುವದು, ದಾದಿಯು ಇಲ್ಲದ ಹೊತ್ತಿನಲ್ಲಿಯೂ ಅವಳ ಕೆಲಸವು ನಡೆಯುವಂತೆ ಹೇಗೆ ಏರ್ಪಾಡು ಮಾಡಬೇಕು ಎಂಬಂಥ ಸಂಗತಿಗಳು ಅದರಲ್ಲಿವೆ. ಓದುವವರಿಗೆ ಇವು ಅಲ್ಪವಾಗಿ ಕಾಣುವವು. ಮಂಚದ ಮೇಲೆ ಮಲಗಿದವನಿಗೆ ಮಾತ್ರ ಅವುಗಳ ಬೆಲೆ ತಿಳಿಯುವದು. ಅಮ್ಮನವರಿಗೆ ಅದು ತಿಳಿದಿತ್ತು. ೧೮೫೫ರಲ್ಲಿ ಕ್ರಿಮಿಯದಲ್ಲಿ ಹಿಡಿದ ಜ್ವರದ ಪರಿಣಾಮದಿಂದ ಅವರು ಅನೇಕ ವರ್ಷ ಹಾಸಿಗೆಯಲ್ಲಿಯೇ ಇದ್ದು ಕೆಲಸ ನಡಿಸಿದರು. ರೋಗಿಗಳ ದಾದಿಯು ತಾನೇ ದೀರ್ಘರೋಗಿಯಾದರು.

ಶಾಲೆಯು ಮೊದಲಿನಿಂದಲೂ ನಿರ್ದೋಷವಾಗಿತ್ತೆಂದು ಹೇಳಲಾರೆವು. ಸುಮಾರು ಹತ್ತು ವರ್ಷಗಳಾದ ಮೇಲೆ ಅಮ್ಮನವರು ವಿಚಾರಿಸಲಾಗಿ, ಪಾಠ ಹೇಳಬೇಕಾದವರು ಸರಿಯಾಗಿ ಹೇಳುತ್ತಿರಲಿಲ್ಲ, ಕಲಿಯುವವರಿಂದ ಆಳುಗಳಂತೆ ಕೆಲಸ ಮಾತ್ರ ತೆಗೆಯಲ್ಪಡುತ್ತಿತ್ತು ಎಂದು ತಿಳಿದುಬಂತು. ಕಲಿಸದೆ ಮಾಡಿಸಿದ ಕೆಲಸವು ಚಾಕರಿಯಾಗುವದು. ಕಾರಣವನ್ನು ತಿಳಿಸಿ ಮಾಡಿಸಿದ ಅದೇ ಕೆಲಸವು ವಿದ್ಯೆಯಾಗುವದು. ಅವರು ಪಾಠಗಳನ್ನು ಪುನಃ ಸ್ಥಾಪಿಸಿ, ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ತಮ್ಮ ಮನೆಗೆ ಕರೆದು ಮಾತಾಡಿಸಿ, ೧೮೭೨ರಿಂದ ಆಗಾಗ್ಗೆ ಅವರೆಲ್ಲರಿಗೂ ತಾಯಿಯಂತೆ ಬುದ್ಧಿಯ ಪತ್ರಗಳನ್ನು ಬರೆದರು.

ಆ ಶಾಲೆಯಲ್ಲಿ ಕಲಿತವರಲ್ಲಿ ಆಗ್ನೆಸ್ ಜೋನ್ಸ್ ಎಂಬಾಕೆಯು ಕೈಸರ್ಸ್‌ವರ್ತಿನಲ್ಲಿಯೂ ಇದ್ದವಳು. ೧೮೬೫ರಲ್ಲಿ ಲಿವರ್‌ಪೂಲಿನ ನಿರ್ಗತಿಕರ ಆಸ್ಪತ್ರೆಯಲ್ಲಿ ದಾದಿಯರ ಮುಖ್ಯಸ್ಥಳಾಗಿ, ಯಾರೂ ಲಕ್ಷ್ಯ ಮಾಡದ ಬಡರೋಗಿಗಳನ್ನು ಪರಾಂಬರಿಸಿ, ೧೮೬೮ರಲ್ಲಿ ಅದೇ ಆಸ್ಪತ್ರೆಯಲ್ಲಿ ಟೈಫಸ್ ಜ್ವರ ಹಿಡಿದು ಸತ್ತಳು.

ಹಿಂದೂದೇಶವೂ ಕಡೆಯ ದಿನಗಳೂ

ಅಮ್ಮನವರು ನಮ್ಮ ದೇಶವನ್ನು ಎಂದೂ ಕಣ್ಣಾರೆ ಕಾಣಲಿಲ್ಲ. ಆದರೂ ಇಲ್ಲಿಯ ಪಾಳೆಯಗಳಿಂದ ವರದಿಗಳನ್ನು ತರಿಸಿ ಓದಿ, ಸಾವಿರ ಸಿಪಾಯಿಗಳಲ್ಲಿ ವರ್ಷಕ್ಕೆ ೬೯ ಮಂದಿ ಸಾಯುತ್ತಿದ್ದುದರ ಕಾರಣಗಳನ್ನು ೧೮೬೩ರ ವರದಿಯಲ್ಲಿ ತೋರಿಸಿದರು. ಮುಂದಿನ ಹತ್ತು ವರ್ಷಗಳಲ್ಲಿ ಆ ಲೆಕ್ಕವು ೧೮ಕ್ಕೆ ಇಳಿಯಿತು. ಸಿಪಾಯಿಗಳ ವಿಚಾರದಿಂದ ತೊಡಗಿ ಅವರ ಮನಸ್ಸು ಹಳ್ಳಿಗಳ ಕಡೆಗೆ ತಿರುಗಿತು. ಮುಪ್ಪಿನಲ್ಲಿಯೂ ಹಳ್ಳಿಗಳ ನೀರು, ಕಸ, ಚರಂಡಿಗಳ ವಿಷಯವಾಗಿ ಬರೆದು, ಮನೆಮನೆಗೆ ಹೋಗಿ ಸ್ನೇಹದಿಂದ ಕಲಿಸುವವರು ಬೇಕೆಂದು ಸೂಚಿಸಿದರು. ನಮ್ಮ ಜಿಲ್ಲೆಯ ಪಕ್ಕದ ಉಡುಪಿಯಲ್ಲಿ ೧೯೨೩ರಲ್ಲಿ ಡಾಕ್ಟರ್ ಏವಾ ಲೊಂಬಾರ್ಡ್ ಅಮ್ಮನವರು ಮಿಶನ್ ಆಸ್ಪತ್ರೆಯನ್ನು ಆರಂಭಿಸಿದಾಗ ಈ ಕರಾವಳಿಯ ಹೆಂಗಸರಿಗೂ ಕೂಸುಗಳಿಗೂ ಅಂಥ ಸೇವೆಯು ಹತ್ತಿರವಾಯಿತು.

ನೈಟಿಂಗೇಲ್ ಅಮ್ಮನವರು ಎಲ್ಲದರಲ್ಲಿಯೂ ಸರಿಯಾಗಿದ್ದರೆಂದಲ್ಲ. ರೋಗಾಣುಗಳಿಂದ ರೋಗ ಹರಡುವದೆಂಬ ಹೊಸ ತಿಳುವಳಿಕೆಯನ್ನು ಬಹುಕಾಲ ಒಪ್ಪದೆ ಇದ್ದರು. ಕಡೆಯಲ್ಲಿ ಕಣ್ಣುಗಳು ಕಾಣದೆ ಹೋದವು. ೧೯೦೭ರಲ್ಲಿ ಅರಸನು ಅಲ್ಲಿಯ ವರೆಗೆ ಯಾವ ಸ್ತ್ರೀಗೂ ಕೊಡದ ಬಿರುದನ್ನು ಅವರಿಗೆ ಕೊಟ್ಟನು. ೧೯೧೦ನೇ ಅಗೋಸ್ತು ೧೩ರಂದು ತೊಂಭತ್ತು ವರ್ಷದವರಾಗಿ ಮಲಗಿದಲ್ಲಿಯೇ ತೀರಿಹೋದರು. ದೇಶದ ಮಹಾಪುರುಷರನ್ನು ಹೂಳುವ ದೇವಾಲಯದಲ್ಲಿ ಸ್ಥಳ ಕೊಡುವೆವೆಂದರೂ ಬಂಧುಗಳು ಅವರ ಇಚ್ಛೆಯಂತೆ ಒಪ್ಪದೆ ಹಳ್ಳಿಯ ಗುಡಿಯ ಬಳಿಯಲ್ಲಿ ಹೂಣಿಟ್ಟರು. ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಎರಡು ಅಕ್ಷರಗಳೂ ಹುಟ್ಟಿದ, ಸತ್ತ ತಾರೀಕುಗಳೂ ಮಾತ್ರ ಇವೆ.

ನಮಗೆ ಬರುವ ಪಾಠ

ಈಗ ಮೊದಲಿನ ಮಾತಿಗೆ ಬರೋಣ. ಮೈ ಒರಸುವದು ಯಾರು ಬೇಕಾದರೂ ಮಾಡಬಹುದಾದ ಕೆಲಸವೆಂಬದು ಅರ್ಧ ನಿಜ. ಒರಸುವ ಕೈ ಎಲ್ಲರಿಗೂ ಇದೆ. ಒರಸುವಾಗ ನೋಡುವ ಕಣ್ಣು ಕಲಿತವರಿಗೇ ಇರುವದು. ಬೆನ್ನಿನ ಕೆಳಗೂ ಹಿಮ್ಮಡಿಯಲ್ಲಿಯೂ ಕೆಂಪಾದ ಚರ್ಮವು ನಾಳೆಯ ಹಾಸಿಗೆ ಹುಣ್ಣೆಂದು ಆಕೆ ತಿಳಿಯುವಳು. ಕಾಲಿನ ಬಾವು, ಏರುವ ಉಸಿರು, ಒಣಗಿದ ನಾಲಿಗೆ, ನಿನ್ನೆ ಇಲ್ಲದ ಮಂಕು ಇವುಗಳನ್ನು ಕಾಣುವಳು. ನಾಚಿಕೆಯಿಂದ ವೈದ್ಯರ ಮುಂದೆ ಹೇಳದ ಸಂಗತಿಯನ್ನು ರೋಗಿಯು ಆ ಹೊತ್ತಿನಲ್ಲಿ ಅವಳಿಗೆ ಹೇಳುವನು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದ್ದರಿಂದ ಬಾರದೆ ಹೋದ ಹುಣ್ಣನ್ನು ಯಾರೂ ಕಾಣುವದಿಲ್ಲ, ಆದುದರಿಂದ ಯಾರೂ ಹೊಗಳುವದೂ ಇಲ್ಲ. ಸೂಜಿ ಹಾಕಿದ್ದು ಎಲ್ಲರಿಗೂ ಕಾಣುವದು. ವಿದ್ಯಾರ್ಥಿಗಳ ಮನಸ್ಸು ಕಾಣುವದರ ಕಡೆಗೆ ಓಡುವದು ಆಶ್ಚರ್ಯವಲ್ಲ.

ವಾರ್ಡಿನಲ್ಲಿ ರೋಗಿಗಳು ಬಹಳ, ದಾದಿಯರು ಕೆಲವರು; ಹೀಗಿರುವಾಗ ಬಂಧುಗಳು ಸೇವೆ ಮಾಡುವದು ತಪ್ಪಲ್ಲ. ಆದರೆ ತನ್ನ ಕೈಯಿಂದ ಮಾಡಿ ಕಲಿತವಳು ಮಾತ್ರ ಬಂಧುಗಳಿಗೆ ಕಲಿಸಬಲ್ಲಳು. ಪಾರ್ಶ್ವವಾಯು ಹೊಡೆದ ಮುದುಕನನ್ನು ಬೆಳ್ತಂಗಡಿಯ ಮಲೆಯ ಬುಡದ ಮನೆಗೆ ಕರಕೊಂಡು ಹೋದ ಮೇಲೆ ಅಲ್ಲಿ ವೈದ್ಯನಿಲ್ಲ, ಯಂತ್ರವಿಲ್ಲ, ಸೊಸೆ ಇದ್ದಾಳೆ. ಹೊರಡುವ ಮುಂಚೆ ವಿದ್ಯಾರ್ಥಿನಿಯೊಬ್ಬಳು ಅವಳ ಪಕ್ಕದಲ್ಲಿ ನಿಂತು ತಿರುಗಿಸುವ ರೀತಿಯನ್ನೂ, ಕೂಡ್ರಿಸಿ ಗಂಜಿ ಕುಡಿಸುವ ರೀತಿಯನ್ನೂ ತೋರಿಸಿಕೊಟ್ಟರೆ, ಆ ಮುದುಕನ ಆಯುಷ್ಯವು ಅದರ ಮೇಲೆ ನಿಂತೀತು.

ನಮ್ಮ ಕರ್ತನು ಪಾತ್ರೆಯಲ್ಲಿ ನೀರು ಹಾಕಿ ಶಿಷ್ಯರ ಕಾಲು ತೊಳೆದದ್ದನ್ನು ತಿಳಿದ ನಮಗೆ ಈ ಕೆಲಸದಲ್ಲಿ ಹೇಸಿಕೆಗೆ ಸ್ಥಳವೆಲ್ಲಿ? ಆದಕಾರಣ ತಾಯಿತಂದೆಗಳೇ, ನಿಮ್ಮ ಮಗಳು ರಜೆಗೆ ಬಂದು ತಾನು ಒಬ್ಬ ರೋಗಿಯ ಮೈ ತೊಳೆದೆನೆಂದು ಹೇಳಿದರೆ ಮೋರೆ ಬಾಡಿಸಬೇಡಿರಿ. ತೊಳೆಯುವಾಗ ಏನು ಕಂಡಿ ಮಗಳೇ ಎಂದು ಕೇಳಿರಿ. ಅವಳು ಹೇಳತೊಡಗಿದರೆ, ಕೊಟ್ಟ ಶುಲ್ಕವು ವ್ಯರ್ಥವಾಗಲಿಲ್ಲವೆಂದು ನಿಮಗೆ ತಿಳಿಯುವದು.